ಟಾರ್ಚನ್ನು ಕಣ್ಣಿನ ಪಕ್ಕಕ್ಕೆ ತಂದಾಗ ಕಂಡ ತೋಳ ಜೇಡ

ಕಡೂರಿನ ಹತ್ತಿರ ನಮ್ಮೂರು. ಊರಾಚೆ ಗೋಮಾಳ. ಬಾಸೂರಿನ ಅಮೃತಮಹಲ್ ಕಾವಲಿನಂಥದ್ದೇ ಹುಲ್ಲುಬಯಲು, ಆದರೆ ತುಂಬ ಚಿಕ್ಕದು. ಅಲ್ಲಿ ತೋಳ ಜೇಡ ಹುಡುಕಲು ಹೋಗಿ ಮೂರು ರಾತ್ರಿ ಏನೂ ಕಾಣದೆ ವಾಪಸ್ ಬಂದೆ. ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದಿದ್ದೇ ತಪ್ಪಾಗಿತ್ತು.

ಈ ಜೇಡಕ್ಕೆ 8 ಕಣ್ಣು. ಕೆಳಸಾಲಿನಲ್ಲಿ 4 ಸಣ್ಣವು, ಅದರ ಮೇಲೆ 2 ದೊಡ್ಡವು, ನೆತ್ತಿಯ ಕಡೆ ಇನ್ನೆರಡು. ದೊಡ್ಡ ಕಣ್ಣುಗಳ ಒಳಗೆ ಬೆಕ್ಕಿಗಿರುವಂತೆ ಹೊಳೆಯುವ ಪದರವಿದೆ. ಬಿದ್ದ ಬೆಳಕು ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ. ಹಾಗಾಗಿ ಟಾರ್ಚ್ ನಮ್ಮ ಕಣ್ಣಿನ ಪಕ್ಕದಲ್ಲೇ ಇರಬೇಕು.

ನಾಲ್ಕನೇ ರಾತ್ರಿ ಹಾಗೇ ಹಿಡಿದೆ. ಹುಲ್ಲಿನ ಬುಡದಲ್ಲಿ ಹಸಿರು ಕಿಡಿ! ಒಂದಲ್ಲ, ಹತ್ತಾರು. ಇಬ್ಬನಿಯೂ ಮಿನುಗುತ್ತದೆ, ನಿಜ. ಆದರೆ ನಾವು ತಲೆ ಅಲ್ಲಾಡಿಸಿದರೆ ಅದು ಆರಿ ಹೊತ್ತುತ್ತದೆ. ಜೇಡದ ಕಣ್ಣು ಹಾಗಲ್ಲ, ಒಂದೇ ಸಮ ಉರಿಯುತ್ತದೆ. ದನ ಹುಡುಕುತ್ತಾ ಬಂದ ಅಜ್ಜ ಒಬ್ಬರು "ಏನ್ ಕಳ್ಕೊಂಡ್ಯೋ ಮಗಾ?" ಅಂದರು. ತೋರಿಸಿದೆ. ಅವರೂ ಬಹಳ ಹೊತ್ತು ಪಕ್ಕದಲ್ಲೇ ಕೂತರು.

ಅವತ್ತೇ ಬೇಟೆಯನ್ನೂ ನೋಡಿದೆ. ಬಲೆ ಇಲ್ಲ, ಓಡಾಟವೂ ಜಾಸ್ತಿ ಇಲ್ಲ. ಮಿಡತೆ ಮರಿ ಹತ್ತಿರ ಬರುವ ತನಕ ಕಲ್ಲಿನಂತೆ ಕೂತಿತ್ತು. ಒಂದೇ ನೆಗೆತ, ಅಷ್ಟೇ. ಕಾಲುಗಳಿಂದ ಅಪ್ಪಿ ಕಚ್ಚಿ ಹಿಡಿಯಿತು. ಬಲೆ ಕಟ್ಟದಿದ್ದರೂ ನೂಲು ಬೇಕೇ ಬೇಕು: ಮೊಟ್ಟೆಯ ಚೀಲ ನೇಯುವುದು ಅದರಿಂದಲೇ.

ಒಂದು ತಾಯಿಯನ್ನು ಫೋಟೋಗೆಂದು ಡಬ್ಬಿಗೆ ಹಾಕಿದೆ. ಗಾಬರಿಯಲ್ಲಿ ಹಿಂಭಾಗಕ್ಕೆ ಅಂಟಿದ್ದ ಚೀಲ ಕಳಚಿತು. ನನಗೆ ತುಂಬ ಸಂಕಟವಾಯಿತು. ಎರಡನ್ನೂ ನೆಲಕ್ಕೆ ಬಿಟ್ಟು ಟಾರ್ಚ್ ದೂರ ಸರಿಸಿದೆ. ಅದು ಅತ್ತಿತ್ತ ತಡಕಾಡಿ, ಚೀಲ ಸಿಕ್ಕಿದ ಕೂಡಲೇ ಮತ್ತೆ ಅಂಟಿಸಿಕೊಂಡು ಹೊರಟಿತು. ಆಮೇಲೆ ನಾನು ಯಾವ ಜೇಡವನ್ನೂ ಹಿಡಿದಿಲ್ಲ.

ಕೆಲವು ವಾರ ಕಳೆದ ಮೇಲೆ ಇನ್ನೊಂದು ತಾಯಿ ಕಂಡಿತು. ದೊಡ್ಡ ಕಿಡಿಯ ಹಿಂದೆ ಸೂಜಿಮೊನೆಯಷ್ಟು ಸಣ್ಣ ಕಿಡಿಗಳು. ಬೆನ್ನ ತುಂಬ ಮರಿಗಳು! ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತು ತಿರುಗುವುದು ಈ ಜೇಡಗಳ ಗುರುತು.

ಬೇಸಿಗೆಯಲ್ಲಿ ಹೊಸ ಹುಲ್ಲು ಬರಲಿ ಅಂತ ಗೋಮಾಳಕ್ಕೆ ಬೆಂಕಿ ಬಿತ್ತು. ಅದೇ ಜಾಗದಲ್ಲಿ ಒಂದು ಗಂಟೆ ನಡೆದೆ. ಸಿಕ್ಕಿದ್ದು ಮೂರೇ ಕಿಡಿ, ಅದೂ ಕಲ್ಲಿನ ಸಂದಿಯಲ್ಲಿ. ಈ ವರ್ಷ ಕಲ್ಲುಗುಪ್ಪೆಯ ಸುತ್ತಲಿನ ಹುಲ್ಲನ್ನಾದರೂ ಬಿಡಿ ಅಂತ ಊರವರನ್ನು ಕೇಳಿದ್ದೇನೆ. ಅಜ್ಜ ಒಪ್ಪಿದ್ದಾರೆ.