ಕಡುಗೆಂಪು ಗುಲಾಬಿಯ ಚಿತ್ರ ತೆಗೆಯಲು ಕಲಿತದ್ದು

ಹೂವಿನ ಛಾಯಾಗ್ರಹಣದ ಹವ್ಯಾಸವನ್ನು ನಾನು ಆರಂಭಿಸಿದ್ದು ನನ್ನ ಕೈತೋಟದ 'ಮಿಸ್ಟರ್ ಲಿಂಕನ್' ಗುಲಾಬಿಯಿಂದ. 1964ರಲ್ಲಿ ಬಂದ ಈ ಹೈಬ್ರಿಡ್ ಟೀ (ಉದ್ದ ತೊಟ್ಟಿನ ತುದಿಯಲ್ಲಿ ದೊಡ್ಡ ಹೂ ಬಿಡುವ ಗುಲಾಬಿ ವರ್ಗ) ತಳಿಯ ಹೂವು ಮಖಮಲ್ಲಿನಂಥ ಕಡುಗೆಂಪು ಬಣ್ಣದ್ದು. ಒಂದರೊಳಗೊಂದು ಸುರುಳಿಗೊಂಡ ಅದರ ಎಸಳುಗಳು ಕಣ್ಣಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವೋ, ನಾನು ತೆಗೆದ ಚಿತ್ರಗಳಲ್ಲಿ ಅಷ್ಟೇ ಅಸ್ಪಷ್ಟವಾಗಿದ್ದವು. ಎಸಳಿನ ಅಂಚಾಗಲೀ ನರಗಳಾಗಲೀ ಕಾಣದೆ ಇಡೀ ಹೂವು ಒಂದೇ ಕೆಂಪು ಮುದ್ದೆಯಾಗಿ ಮೂಡುತ್ತಿತ್ತು. ತಪ್ಪು ಫೋಕಸ್‌ನದೆಂದು ಭಾವಿಸಿ ಒಂದು ಹಂಗಾಮನ್ನೇ ಕಳೆದೆ.

ನಿಜವಾದ ಕಾರಣ ಬೇರೆಯೇ ಇತ್ತು. ಕ್ಯಾಮೆರಾದ ಸೆನ್ಸರ್ ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಕೆಂಪು ಗುಲಾಬಿಯಿಂದ ಬರುವ ಬೆಳಕಿನಲ್ಲಿ ಬಹುಪಾಲು ಕೆಂಪೇ ಆಗಿರುವುದರಿಂದ, ಒಟ್ಟಾರೆ ಎಕ್ಸ್‌ಪೋಷರ್ (ಸೆನ್ಸರ್ ಮೇಲೆ ಬೀಳುವ ಬೆಳಕಿನ ಪ್ರಮಾಣ) ಸರಿಯಾಗಿದೆಯೆಂದು ಹಿಸ್ಟೋಗ್ರಾಂ (ಎಡತುದಿಯ ಕಪ್ಪಿನಿಂದ ಬಲತುದಿಯ ಗರಿಷ್ಠ ಹೊಳಪಿನವರೆಗೆ ಚಿತ್ರದ ಬೆಳಕಿನ ಹಂಚಿಕೆಯನ್ನು ತೋರಿಸುವ ನಕ್ಷೆ) ತೋರಿಸುತ್ತಿರುವಾಗಲೂ ಕೆಂಪಿನ ಪಾಲು ತನ್ನ ಮಿತಿಯನ್ನು ಮೀರಿಬಿಟ್ಟಿರುತ್ತದೆ, ಮತ್ತು ಹಾಗೆ ಮೀರಿದ ಕಡೆ ಎಸಳಿನ ಸೂಕ್ಷ್ಮ ವಿವರಗಳು ಅಳಿಸಿಹೋಗುತ್ತವೆ. ಮೂರೂ ಬಣ್ಣಗಳನ್ನು ಪ್ರತ್ಯೇಕವಾಗಿ ತೋರಿಸುವ ಹಿಸ್ಟೋಗ್ರಾಂ ಅನ್ನು ಆಯ್ದುಕೊಂಡ ದಿನವೇ ಇದು ನನಗೆ ಕಣ್ಣಾರೆ ಕಂಡಿತು: ಕೆಂಪಿನ ರೇಖೆ ಬಲತುದಿಗೆ ಅಂಟಿಕೊಂಡು ನಿಂತಿತ್ತು. ಅಂದಿನಿಂದ ಕೆಂಪು ಹೂವಿಗೆ ಎಕ್ಸ್‌ಪೋಷರ್ ಅನ್ನು ಸುಮಾರು ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕಿಗೆ, ಇಳಿಸುತ್ತೇನೆ, ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಉಳಿಸುವ ರಾ ಫೈಲ್‌ನಲ್ಲಿಯೇ ತೆಗೆಯುತ್ತೇನೆ, ಬಣ್ಣಗಳನ್ನು ಗಾಢಗೊಳಿಸುವ ಸೆಟ್ಟಿಂಗ್‌ಗಳನ್ನು ಬಳಸುವುದಿಲ್ಲ. ಬಿಳಿ ಗುಲಾಬಿಯದು ಇದಕ್ಕೆ ವಿರುದ್ಧವಾದ ಸಮಸ್ಯೆ. ಚೌಕಟ್ಟಿನ ತುಂಬ ಬಿಳುಪೇ ಇದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ಬೂದು ಬಣ್ಣಕ್ಕೆ ಇಳಿಸುವುದರಿಂದ ಎಕ್ಸ್‌ಪೋಷರ್ ಅನ್ನು ಏರಿಸಬೇಕಾಗುತ್ತದೆ.

ಆದರೂ ಗುಲಾಬಿಯ ಚಿತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎಸಳುಗಳ ನಡುವಿನ ನೆರಳು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೂವಿನ ಆಕಾರವನ್ನು ನಮಗೆ ತಿಳಿಸುವುದೇ ಆ ನೆರಳು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದು ಕಪ್ಪಾಗಿ ಹೆಪ್ಪುಗಟ್ಟುತ್ತದೆ. ಮುಂಬದಿಯಿಂದ ಬೀಳುವ ಫ್ಲ್ಯಾಶ್ ಬೆಳಕಿನಲ್ಲಿ ಇಲ್ಲವೇ ಇಲ್ಲವಾಗುತ್ತದೆ. ಆದ್ದರಿಂದ ಮೋಡ ಕವಿದ ಬೆಳಗನ್ನು ನಾನು ಕಾಯುತ್ತೇನೆ. ಬಿಸಿಲಿರುವ ದಿನ ಒಂದು ತೆಳುವಾದ ಬಿಳಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಚಿತ್ರದಲ್ಲಿ ಬಾರದಂತೆ ಹೂವಿಗೆ ಆದಷ್ಟು ಹತ್ತಿರ ಹಿಡಿಯುತ್ತೇನೆ, ಏಕೆಂದರೆ ಬಟ್ಟೆ ಹತ್ತಿರ ಬಂದಷ್ಟೂ ಬೆಳಕು ಮೃದುವಾಗುತ್ತದೆ. ಎಸಳುಗಳ ಮೇಲೆ ನೀರು ಚಿಮುಕಿಸುವ ರೂಢಿ ಹಲವರಲ್ಲಿದೆ. ನಾನು ಅದನ್ನು ಮಾಡುವುದಿಲ್ಲ, ನೋಟವೆಲ್ಲ ಹನಿಗಳ ಕಡೆಗೆ ಹರಿದು ಹೂವು ಹಿನ್ನೆಲೆಗೆ ಸರಿಯುತ್ತದೆ.

ನನ್ನದು ತೀರಾ ಹತ್ತಿರದಿಂದ ಚಿತ್ರ ತೆಗೆಯಬಲ್ಲ 100 ಮಿಲಿಮೀಟರಿನ ಮ್ಯಾಕ್ರೋ ಲೆನ್ಸ್. ಇಡೀ ಹೂವನ್ನು ತೆಗೆಯುವಾಗ ಹೂವಿನ ಹೆಚ್ಚು ಭಾಗ ಸ್ಪಷ್ಟವಾಗಿ ಮೂಡಲೆಂದು ಅಪರ್ಚರ್ ಅನ್ನು, ಅಂದರೆ ಲೆನ್ಸಿನ ಬೆಳಕಿಂಡಿಯನ್ನು, ಕಿರಿದಾಗಿ ಎಫ್ 11ರ ಆಸುಪಾಸಿನಲ್ಲಿಟ್ಟು, ನಡುಸುರುಳಿಯ ಮುಂದಿನ ಅಂಚಿಗೆ ಫೋಕಸ್ ಮಾಡುತ್ತೇನೆ. ಗಾಳಿಯಿದ್ದರೆ ಹೂವಿನ ತೊಟ್ಟನ್ನು ಪಕ್ಕದಲ್ಲಿ ನೆಟ್ಟ ಕೋಲಿಗೆ ಸಡಿಲವಾಗಿ ಕಟ್ಟಿದರೂ, ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗದಂತೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಹೈಬ್ರಿಡ್ ಟೀ ಹೂವು ಅರ್ಧದಿಂದ ಮುಕ್ಕಾಲು ಭಾಗ ಅರಳಿದಾಗ ಅದರ ರೂಪ ಅತ್ಯಂತ ಸೊಗಸಾಗಿರುತ್ತದೆ, ನಿಜ. ಆದರೆ 'ಡಬಲ್ ಡಿಲೈಟ್' ತಳಿಯ ಒಂದೇ ಹೂವನ್ನು ಪ್ರತಿದಿನ ಅದೇ ಜಾಗದಿಂದ ತೆಗೆದಾಗ ನನಗೆ ಸಿಕ್ಕ ಸಂತೋಷ ಬೇರೆ ಬಗೆಯದು. ಬಿಸಿಲು ತಾಗಿದಷ್ಟೂ ಅದರ ಕೆನೆಬಿಳಿ ಎಸಳುಗಳ ಅಂಚಿನಿಂದ ಕೆಂಪು ಒಳಗೊಳಗೆ ಹರಡುತ್ತಾ ಹೋಗುವುದನ್ನು ಆ ಚಿತ್ರಗಳಲ್ಲಿ ಸಾಲಾಗಿ ನೋಡಬಹುದು.

ಈಚೆಗೆ ಹೂವಿನ ಹಿಂಬದಿಯನ್ನೂ ತೆಗೆಯುತ್ತಿದ್ದೇನೆ. ಅಲ್ಲಿರುವ ಐದು ಹಸಿರು ಪುಷ್ಪಪತ್ರಗಳ (ಮೊಗ್ಗನ್ನು ಹೊದಿಸಿರುವ ಎಲೆಯಂಥ ಭಾಗಗಳ) ಪೈಕಿ, ಅನೇಕ ಗುಲಾಬಿಗಳಲ್ಲಿ, ಎರಡಕ್ಕೆ ಎರಡೂ ಅಂಚಿನಲ್ಲಿ ಕುಚ್ಚಿರುತ್ತದೆ, ಎರಡಕ್ಕೆ ಕುಚ್ಚೇ ಇರುವುದಿಲ್ಲ, ಐದನೆಯದಕ್ಕೆ ಒಂದು ಅಂಚಿನಲ್ಲಿ ಮಾತ್ರ. ಮೊಗ್ಗಿನಲ್ಲಿ ಒಂದರ ಮೇಲೊಂದು ಹೊದ್ದು ಕುಳಿತಾಗ ಹೊರಗೆ ಉಳಿದ ಅಂಚುಗಳಿಗೆ ಕುಚ್ಚು, ಒಳಗೆ ಮುಚ್ಚಿಹೋದವುಗಳಿಗೆ ಇಲ್ಲ. ಗುಲಾಬಿ ಗಿಡಗಳನ್ನು ಅಷ್ಟು ವರ್ಷ ಸಾಕಿದ್ದ ನಾನು ಇದನ್ನು ಮೊದಲು ಗಮನಿಸಿದ್ದು ಕ್ಯಾಮೆರಾದ ಪರದೆಯ ಮೇಲೆ, ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ.