ಎಫ್‌ಎಂ ಹ್ಯಾಂಡಿಯಲ್ಲೇ ನರಿ ಹಿಡಿದದ್ದು

"ಎಫ್‌ಎಂ ಹ್ಯಾಂಡಿ ಇಟ್ಟುಕೊಂಡು ಫಾಕ್ಸ್ ಹಂಟ್ ಆಗುವ ಮಾತಲ್ಲ, ಎಎಂ ರಿಸೀವರ್ ತಗೊಳ್ಳಿ" ಅಂತ ನನಗೆ ಹೇಳದ ಹ್ಯಾಮ್‌ಗಳಿಲ್ಲ (ಹವ್ಯಾಸಿ ರೇಡಿಯೋದವರು). ಫಾಕ್ಸ್ ಹಂಟ್ ಅಂದರೆ ಅಡಗಿಸಿಟ್ಟ ಟ್ರಾನ್ಸ್‌ಮಿಟರ್‌ಗಳನ್ನು, ಅಂದರೆ 'ನರಿ'ಗಳನ್ನು, ದಿಕ್ಕು ಹಿಡಿದು ಓಡಿ ಹುಡುಕುವ ಆಟ; ಹ್ಯಾಂಡಿ ಅಂದರೆ ಕೈಯಲ್ಲಿ ಹಿಡಿಯುವ ವಾಕಿಟಾಕಿ. ಅವರ ತರ್ಕದಲ್ಲಿ ಹುರುಳಿದೆ. ಎಫ್‌ಎಂನಲ್ಲಿ ಸಿಗ್ನಲ್ ಒಂದು ಮಟ್ಟ ದಾಟಿದರೆ ರಿಸೀವರಿನೊಳಗಿನ ಲಿಮಿಟರ್ ಎಂಬ ಭಾಗ ಎಲ್ಲವನ್ನೂ ಒಂದೇ ಸಮ ಮಾಡಿಬಿಡುತ್ತದೆ, ಆಂಟೆನಾ ಎತ್ತ ತಿರುಗಿಸಿದರೂ ಕಿವಿಗೆ ಅದೇ ಶಬ್ದ. ಸಿಗ್ನಲ್ ಮೀಟರಿನ ಗೆರೆಗಳಂತೂ ನರಿ ಇನ್ನೂ ಎಲ್ಲೋ ಇರುವಾಗಲೇ ತುಂಬಿ ಕೂತಿರುತ್ತವೆ. ಆದರೂ ಹೋದ ಬೇಟೆಯಲ್ಲಿ ಐದೂ ನರಿಗಳನ್ನು ಅದೇ ಹ್ಯಾಂಡಿಯಲ್ಲಿ ಹಿಡಿದೆ. ಎಎಂ ರಿಸೀವರ್ ಹಿಡಿದವರು ಬರುವಷ್ಟರಲ್ಲಿ ನಾನು ಶೂ ಬಿಚ್ಚಿ ಕೂತಿದ್ದೆ. ಇಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ.

ಆಂಟೆನಾ ಬಗ್ಗೆ ಬೇಗ ಮುಗಿಸುತ್ತೇನೆ. ಅಳತೆ ಟೇಪಿನ ಮೂರು ಎಲಿಮೆಂಟ್ ಯಾಗಿ (ಒಂದೇ ದಿಕ್ಕಿನತ್ತ ಹೆಚ್ಚು ಕೇಳುವ ಆಂಟೆನಾ), ಎಲಿಮೆಂಟ್‌ಗಳನ್ನು ಹೊರಲು ಪಿವಿಸಿ ಪೈಪಿನ ಬೂಮು. ಹಿಂದಿನ ರಿಫ್ಲೆಕ್ಟರ್ ಸುಮಾರು 105 ಸೆಂ.ಮೀ., ಮುಂದಿನ ಡೈರೆಕ್ಟರ್ 89, ನಡುವೆ ಕೇಬಲ್ ಸೇರುವ ಡ್ರಿವನ್ ಎಲಿಮೆಂಟಿನ ಎರಡು ತುಂಡು ತಲಾ 45ರ ಆಸುಪಾಸು. ರಿಫ್ಲೆಕ್ಟರಿನಿಂದ ಡ್ರಿವನ್‌ಗೆ 20, ಅಲ್ಲಿಂದ ಮುಂದಕ್ಕೆ 32. ಡ್ರಿವನ್ನಿನ ಎರಡು ತುಂಡು ಜೋಡಿಸುವ ಹೇರ್‌ಪಿನ್ ತಂತಿ ಅರ್ಧ ಗೇಣಿಗಿಂತ ಚೂರು ಹೆಚ್ಚು. ಟೇಪಿನ ಬಣ್ಣ ಪೂರ್ತಿ ಕೆರೆಯದೆ ಬೆಸುಗೆ ಹಾಕಿದರೆ ಹಿಡಿದಂತೆ ಕಾಣುತ್ತದೆ, ಒಂದು ಪೊದೆಗೆ ತಗುಲಿದ ಕೂಡಲೇ ಕಿತ್ತು ಬರುತ್ತದೆ. ಇದಕ್ಕಿಂತ ಹೆಚ್ಚು ತಲೆ ತಿಂದದ್ದು ಕೋಆಕ್ಸ್, ಆಂಟೆನಾದಿಂದ ಹ್ಯಾಂಡಿಗೆ ಬರುವ ಕೇಬಲ್. ಕೇಬಲ್ ನೇತಾಡುತ್ತಾ ಎಲಿಮೆಂಟಿನ ಪಕ್ಕಕ್ಕೆ ಬಂದರೆ ತಾನೇ ಒಂದು ಆಂಟೆನಾ ಆಗಿಬಿಡುತ್ತದೆ, ಯಾಗಿಯ ಹಿಂಬದಿಯ ನಲ್ (ಸಿಗ್ನಲ್ ತೀರಾ ಕುಗ್ಗುವ ದಿಕ್ಕು) ಮಾಯ. ಕೇಬಲ್ ಆಂಟೆನಾಗೆ ಸೇರುವ ಫೀಡ್ ಪಾಯಿಂಟಿನ ಹತ್ತಿರ ಕೆಲವು ಸುತ್ತು ಹಾಕಿ, ಬೂಮಿಗೇ ಕಟ್ಟಿ, ರಿಫ್ಲೆಕ್ಟರಿನ ಹಿಂದಿನಿಂದ ಹೊರತಂದ ಮೇಲೆ ನಲ್ ವಾಪಸ್ ಬಂತು.

ದುಡ್ಡು ಹೋದದ್ದು ಅಟೆನ್ಯುಯೇಟರಿಗೆ, ಅಂದರೆ ಸಿಗ್ನಲ್ ತಗ್ಗಿಸುವ ಸಾಧನಕ್ಕೆ. ದೂರ ಅರ್ಧವಾದಾಗಲೆಲ್ಲ ಸಿಗ್ನಲ್ 6 ಡಿಬಿ (ಡೆಸಿಬೆಲ್, ಸಿಗ್ನಲ್ ಬಲ ಹೋಲಿಸುವ ಅಳತೆ) ಏರುತ್ತದೆ. ಒಂದು ಕಿಲೋಮೀಟರಿನಿಂದ ಒಂದು ಮೀಟರಿಗೆ ಬರುವಷ್ಟರಲ್ಲಿ 60 ಡಿಬಿ. ಅಷ್ಟನ್ನು ತಗ್ಗಿಸಲು ಸ್ವಿಚ್‌ಗಳಿರುವ ಸ್ಟೆಪ್ ಅಟೆನ್ಯುಯೇಟರ್ ತರಿಸಿದೆ, ಹೆಚ್ಚುಕಡಿಮೆ ಹ್ಯಾಂಡಿಗೆ ಕೊಟ್ಟಷ್ಟೇ ಬೆಲೆ. ನರಿಯ ಹತ್ತಿರ ಹೋಗಿ ಎಲ್ಲ ಸ್ವಿಚ್ ಒತ್ತಿದರೂ ಅದು ಜೋರಾಗಿಯೇ ಕೂಗುತ್ತಿತ್ತು. ಆಂಟೆನಾ ಕಿತ್ತೆ, ಆಗಲೂ ಕೂಗುತ್ತಿತ್ತು! ಸಿಗ್ನಲ್ ಹ್ಯಾಂಡಿಯ ಪ್ಲಾಸ್ಟಿಕ್ ಮೈಯಿಂದಲೇ ಒಳಗೆ ನುಗ್ಗುತ್ತಿದ್ದರೆ ಅಟೆನ್ಯುಯೇಟರ್ ಏನು ಮಾಡೀತು? ಹ್ಯಾಂಡಿಯನ್ನು ತಗಡಿನ ಡಬ್ಬಿಯೊಳಗೆ ಹಾಕಿ ನೋಡಿದೆ. ಸಿಗ್ನಲ್ ಇಳಿಯಿತು, ಆದರೆ ಚಾನೆಲ್ ಬದಲಿಸಲು ಪ್ರತಿ ಸಲ ಮುಚ್ಚಳ ತೆಗೆಯಬೇಕು. ಓಡುವವನಿಗೆ ಅದು ಆಗದ ಕೆಲಸ.

ಕೆಲಸ ಕೊಟ್ಟದ್ದು ಆಫ್‌ಸೆಟ್ ಅಟೆನ್ಯುಯೇಟರ್. 4 ಮೆಗಾಹರ್ಟ್ಸ್ ಆಸಿಲೇಟರ್, ಒಂದು 1ಎನ್4148 ಡಯೋಡ್, ಒಂದು ಪಾಟ್ (ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್). ಇದು ನರಿಯ ಸಿಗ್ನಲ್ಲಿಗೆ 4 ಮೆಗಾಹರ್ಟ್ಸ್ ಬೆರೆಸಿ ಬೇರೆ ಕಂಪನಾಂಕಕ್ಕೆ ಸರಿಸುತ್ತದೆ. ನರಿ 144.500 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿದ್ದರೆ ಹ್ಯಾಂಡಿಯನ್ನು 148.500ಕ್ಕೆ ಇಡುವುದು. ಮೈಯಿಂದ ನುಗ್ಗುವ 144.500 ಅದಕ್ಕೆ ಲೆಕ್ಕಕ್ಕೇ ಇಲ್ಲ, ಡಯೋಡಿನಲ್ಲಿ ಬೆರೆತು ಬಂದದ್ದಷ್ಟೇ ಕೇಳುತ್ತದೆ. ಅದರ ಮಟ್ಟ ನನ್ನ ಹೆಬ್ಬೆರಳ ಕೆಳಗಿನ ನಾಬಿನಲ್ಲಿ. ಒಟ್ಟು ಖರ್ಚು ಹ್ಯಾಂಡಿಯ ಬದಲಿ ಬ್ಯಾಟರಿಗಿಂತ ಕಡಿಮೆ.

ಇನ್ನು ಯಾರೂ ನಂಬದ ಭಾಗ. ಎಲ್ಲರೂ ಶಬ್ದ ಎಲ್ಲಿ ಜೋರು ಎಂದು ಹುಡುಕುತ್ತಾರೆ. ನಾನು ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಭುಸ್ ಶಬ್ದ ಮುಚ್ಚುವ ವ್ಯವಸ್ಥೆ) ಪೂರ್ತಿ ತೆರೆದು, ನಾಬ್ ಇಳಿಸುತ್ತಾ ಹೋಗಿ, ಟೋನ್ ಭುಸ್ ಎನ್ನುವ ನಾಯ್ಸಿನಲ್ಲಿ ಇನ್ನೇನು ಮುಳುಗಬೇಕು ಎನ್ನುವಲ್ಲಿ ನಿಲ್ಲಿಸುತ್ತೇನೆ. ಈ ಅಂಚಿನಲ್ಲಿ ಎಫ್‌ಎಂ ಬಲು ಚುರುಕು. ಕೆಲವೇ ಡಿಬಿ ಏರಿದರೆ ಭುಸ್ ಅಡಗಿ ಟೋನ್ ಮೇಲೇಳುತ್ತದೆ, ಇಳಿದರೆ ಟೋನೇ ಇಲ್ಲ. ಎಎಂನಲ್ಲಿ ಈ ಬದಲಾವಣೆ ಇಷ್ಟು ಥಟ್ಟನೆ ಆಗುವುದಿಲ್ಲ. ಎಡಕ್ಕೆ ತಿರುಗಿಸಿ ಮುಳುಗಿದ ಜಾಗ, ಬಲಕ್ಕೆ ತಿರುಗಿಸಿ ಮುಳುಗಿದ ಜಾಗ, ಎರಡರ ನಟ್ಟನಡುವೆ ನರಿ. ಅನುಮಾನ ಬಂದರೆ ಯಾಗಿಯನ್ನು ಹಿಂದುಮುಂದು ಮಾಡಿ ನಲ್ ನೋಡುತ್ತೇನೆ. ನಲ್ ಮಸುಕಾಗಿದ್ದರೆ ಆ ಬೇರಿಂಗ್, ಅಂದರೆ ಆ ದಿಕ್ಕಿನ ಗೆರೆ, ನಕ್ಷೆಗೆ ಹೋಗುವುದಿಲ್ಲ. ಸಿಗ್ನಲ್ ಪ್ರತಿಫಲಿಸುವ ತಗಡಿನ ಶೆಡ್ಡೋ ಕಬ್ಬಿಣದ ಬೇಲಿಯೋ ಹತ್ತಿರದಲ್ಲಿದೆ ಎಂದೇ ಅರ್ಥ. ಒಂದಷ್ಟು ಹೆಜ್ಜೆ ಸರಿದು ಮತ್ತೆ ನೋಡಬೇಕು.

ಐದು ನಿಮಿಷಕ್ಕೆ ಒಂದೇ ನಿಮಿಷ ಕೂಗುವ ನರಿಗೆ ಇಷ್ಟೆಲ್ಲ ಮಾಡಲು ಪುರುಸೊತ್ತೆಲ್ಲಿ ಎಂದು ಕೇಳುತ್ತಾರೆ. ಕೈ ಪಳಗಿದರೆ ಹತ್ತು ಹದಿನೈದು ಸೆಕೆಂಡು ಸಾಕು. ಉಳಿದ ಮುಕ್ಕಾಲು ನಿಮಿಷ ಅದೇ ದಿಕ್ಕಿನಲ್ಲಿ ಓಡುತ್ತಾ ನಾಬ್ ಇಳಿಸುವುದು. ನರಿ ಎಎಂ ಆಗಿದ್ದು ಮೋರ್ಸ್ ಸರಿಯಾಗಿ ಕೇಳದಿದ್ದರೂ ಭುಸ್ ಅಡಗುತ್ತದಲ್ಲ, ಅಷ್ಟೇ ಬೇಕಾದ್ದು. ನರಿಗಳು ಸರದಿಯಂತೆ ಕೂಗುವುದರಿಂದ ಅದು ಎಂಒಇಯೋ ಎಂಒ5ಓ (ಮೊದಲ ಮತ್ತು ಐದನೇ ನರಿಯ ಮೋರ್ಸ್ ಗುರುತು) ಎಂದು ಗಡಿಯಾರ ಹೇಳುತ್ತದೆ.

ತೀರಾ ಹತ್ತಿರ ಬಂದಾಗ ಆಫ್‌ಸೆಟ್ ಕೂಡ ಕೈಕೊಡುತ್ತದೆ. ಆಗ ಮೂರನೇ ಹಾರ್ಮಾನಿಕ್, ಅಂದರೆ ನರಿಯಿಂದ ಮೂರು ಪಟ್ಟು ಕಂಪನಾಂಕದಲ್ಲಿ ಸೋರುವ ಕ್ಷೀಣ ಸಿಗ್ನಲ್: 144.500ರ ಮೂರರಷ್ಟು 433.500, ಡ್ಯುಯಲ್ ಬ್ಯಾಂಡ್ ಹ್ಯಾಂಡಿಯಲ್ಲಿ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ಚೆನ್ನಾಗಿ ಫಿಲ್ಟರ್ ಮಾಡಿದ ನರಿಯಾದರೆ ಕೆಲವೇ ಮೀಟರ್ ಒಳಗೆ ಮಾತ್ರ ಕೇಳುತ್ತದೆ, ನಮಗೆ ಬೇಕಾದದ್ದೂ ಅದೇ. ಇದರ ನಂತರದ ಒಂದು ಉಪಾಯವೂ ಇದೆ, ಅದಕ್ಕೆ ಆಂಟೆನಾನೇ ಬೇಡ. ಅದನ್ನೂ ಬರೆದುಬಿಟ್ಟರೆ ಮುಂದಿನ ಬೇಟೆಯಲ್ಲಿ ನನಗೇನು ಉಳಿಯಿತು?

ಈಗ 80 ಮೀಟರ್ ತರಂಗದ ಬ್ಯಾಂಡಿಗೂ ಕೈ ಹಾಕಿದ್ದೇನೆ. ಹಳೆಯ ಟ್ರಾನ್ಸಿಸ್ಟರ್ ರೇಡಿಯೋದ ಫೆರೈಟ್ ಸರಳಿಗೆ ಹೊಸದಾಗಿ ಸುತ್ತು ಹಾಕಿದೆ. ಅಲ್ಲಿ ಪ್ರತಿಫಲನದ ಕಾಟ ಕಡಿಮೆ, ಸರಳಿನ ತುದಿ ನರಿಯತ್ತ ತಿರುಗಿದಾಗ ಬರುವ ನಲ್ ಕತ್ತರಿಸಿದ ಹಾಗಿದೆ. ಆದರೆ ನಲ್ ಎರಡು, ನರಿ ಮುಂದೋ ಹಿಂದೋ ತಿಳಿಯದು. ಅದಕ್ಕೆ ಒಂದು ಸೆನ್ಸ್ ಆಂಟೆನಾ ಸೇರಿಸಿ, ಗುಂಡಿ ಒತ್ತಿ, ಸರಳನ್ನು 90 ಡಿಗ್ರಿ ಅತ್ತಿತ್ತ ತಿರುಗಿಸಿ ಜೋರು ಯಾವ ಕಡೆ ಎಂದು ನೋಡಬೇಕು. ಸೆನ್ಸಿನ ರೆಸಿಸ್ಟರ್ ಎಷ್ಟಿರಬೇಕು ಎಂದು ಒಂದೊಂದೇ ಹಾಕಿ ತೆಗೆಯುತ್ತಿದ್ದೇನೆ. ಮನೆಯೊಳಗೆ ಸರಿಹೊಂದಿದ್ದು ಬಯಲಿಗೆ ಹೋದರೆ ಹೊಂದುತ್ತಿಲ್ಲ, ಆದ್ದರಿಂದ ಸದ್ಯಕ್ಕೆ ಪ್ರತಿ ಸಲ ಬೆಸುಗೆ ಹಾಕುವ ಬದಲು ಒಂದು ಪ್ರಿಸೆಟ್ (ತಿರುಗಿಸಿ ಬದಲಿಸಬಹುದಾದ ಪುಟ್ಟ ರೆಸಿಸ್ಟರ್) ಕೂರಿಸಿಕೊಂಡೇ ಬಯಲಿಗೆ ಹೋಗುತ್ತಿದ್ದೇನೆ.