ಮಾಡಿನಿಂದ ತಾರಸಿಗೆ

ಮ್ಯಾಂಚೆಸ್ಟರಿಗೆ ಬಂದ ಹೊಸತರಲ್ಲಿ ಭಾನುವಾರ ಕಳೆಯುವುದೇ ಕಷ್ಟವಾಗಿತ್ತು. ನಾನು ಡ್ರಾಫ್ಟ್ಸ್‌ಮನ್, ನಕ್ಷೆ ಬರೆಯುವವನು. ಪೆನ್ಸಿಲ್ ಹಿಡಿದು ಹಳೇ ಕಟ್ಟಡ ನೋಡಲು ಹೊರಟೆ. ಹಾಗೆ ಸಿಕ್ಕಿದವನು ಹಳೇ ಕಾಲದ ಆರ್ಕಿಟೆಕ್ಟ್ ಎಡ್ಗರ್ ವುಡ್.

1860ರಲ್ಲಿ ಪಕ್ಕದ ಮಿಡಲ್‌ಟನ್‌ನಲ್ಲಿ ಹುಟ್ಟಿದವನು. ಅಪ್ಪನದು ಹತ್ತಿ ಗಿರಣಿ, ಮಗನಿಗೆ ಚಿತ್ರ ಬರೆಯುವ ಹುಚ್ಚು. ಕೊನೆಗೆ ಇಬ್ಬರೂ ರಾಜಿಯಾದದ್ದು ಆರ್ಕಿಟೆಕ್ಟ್ ಕೆಲಸಕ್ಕೆ. ಲಂಡನ್ ಕಡೆ ಓಡದೆ ಉತ್ತರದಲ್ಲೇ ಕಟ್ಟುತ್ತಾ ಹೋದ. ಹಾಗಾಗಿ ಹೆಚ್ಚಿನವನ್ನು ಬಸ್ಸು, ರೈಲಿನಲ್ಲೇ ಮುಗಿಸಬಹುದು.

ಸಂರಕ್ಷಿತ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿ ಅವನ ಹೆಸರು ಹುಡುಕಿ, ಇಸವಿ ಪ್ರಕಾರ ಜೋಡಿಸಿಕೊಂಡೆ. ಒಂದೊಂದನ್ನೂ ಅಳೆದು ಹಾಳೆಗೆ ಇಳಿಸುವುದು ಅಂತ. ಮೊದಲು ಹೋದದ್ದು ಮಿಡಲ್‌ಟನ್‌ನ ಲಾಂಗ್ ಸ್ಟ್ರೀಟ್ ಮೆಥಡಿಸ್ಟ್ ಚರ್ಚಿಗೆ (1899-1901). ಏಣಿ ಹಾಕಲು ಯಾರು ಬಿಡ್ತಾರೆ? ಇಟ್ಟಿಗೆ ಎಣಿಸಿ ಎತ್ತರ ಲೆಕ್ಕ ಹಾಕಿದೆ. ನಾಲ್ಕು ವರಸೆಗೆ, ಅಂದರೆ ಇಟ್ಟಿಗೆಯ ನಾಲ್ಕು ಸಾಲಿಗೆ, ಒಂದು ಅಡಿ ಅಂತ ಓದಿದ್ದೆ. ಮನೆಗೆ ಬಂದು ಬರೆದರೆ ಬಾಗಿಲು ಕುಳ್ಳಾಗಿತ್ತು. ಮರುವಾರ ಟೇಪ್ ಹಿಡಿದು ಹೋದಾಗ ಗೊತ್ತಾಯಿತು: ಇಲ್ಲಿನ ಹಳೇ ಇಟ್ಟಿಗೆ ದಪ್ಪ, ನಾಲ್ಕು ವರಸೆಗೆ ಸುಮಾರು 13 ಅಂಗುಲ. ಒಂದಿಡೀ ಹಾಳೆ ಕಸಕ್ಕೆ ಹೋಯಿತು.

ಆಮೇಲೆ ಒಂದು ಉಪಾಯ ಮಾಡಿದೆ. ಎಲ್ಲ ಕಟ್ಟಡಗಳ ಮಾಡಿನ ಗೆರೆ ಮಾತ್ರ ಒಂದೇ ಹಾಳೆಯಲ್ಲಿ ಸಾಲಾಗಿ ಬರೆದೆ. ಮಜಾ ಇದ್ದದ್ದು ಅಲ್ಲೇ. ವಿಕ್ಟೋರಿಯಾ ಪಾರ್ಕಿನ ಕ್ರಿಶ್ಚಿಯನ್ ಸೈನ್ಸ್ ಚರ್ಚಿನಲ್ಲಿ (1903) ಮಾಡು ಕೈಮುಗಿದ ಹಾಗೆ ಕಡಿದು. ಪಕ್ಕದಲ್ಲಿ ಕುಲಾವಿ ತಲೆಯ ಗುಂಡು ಗೋಪುರ. ಐದೇ ವರ್ಷ ಕಳೆದು 1908ರಲ್ಲಿ ಸ್ಟಾಫರ್ಡ್‌ನ ಅಪ್‌ಮೀಡ್ಸ್ ಮನೆಗೆ ಬಂದರೆ ಗೆರೆ ನೆಟ್ಟಗೆ ಮಲಗಿದೆ. ಕಾಂಕ್ರೀಟ್ ತಾರಸಿ! ವರ್ಷವಿಡೀ ಮಳೆ ಹನಿಯುವ ದೇಶದಲ್ಲಿ ಎಂಥ ಧೈರ್ಯ, ಅಲ್ವಾ? ಈ ನಡುವೆ ವುಡ್ ಜೊತೆಗೆ ಸೇರಿದ್ದ ಆರ್ಕಿಟೆಕ್ಟ್ ಜೆ. ಹೆನ್ರಿ ಸೆಲರ್ಸ್‌ಗೆ ಇದರ ಪಾಲು ಜಾಸ್ತಿ ಸಲ್ಲಬೇಕು ಅನ್ನುವುದು ನನ್ನ ಲೆಕ್ಕ. ವುಡ್‌ನ ಹೆಸರು ಮಾತ್ರ ಮುಂದಿದೆ.

ಕೊನೆಯ ಹಾಳೆ ಹೇಲ್‌ನ ರಾಯ್ಡ್ ಹೌಸ್. 1914-16ರಲ್ಲಿ ತನಗೇ ಅಂತ ಕಟ್ಟಿಕೊಂಡ ಮನೆ. ಎದುರು ಗೋಡೆ ಒಳಕ್ಕೆ ಬಾಗಿದೆ, ಮೇಲೆ ಬಣ್ಣದ ಹೆಂಚಿನ ಬಿಲ್ಲೆಗಳು. ಖಾಸಗಿ ಮನೆಯಾದ್ದರಿಂದ ರಸ್ತೆಯಲ್ಲೇ ನಿಂತು ಬರೆದೆ. ಆ ವಕ್ರ ಸರಿಯಾಗಿ ಕೂರಲು ಮೂರು ಭಾನುವಾರ ಬೇಕಾಯಿತು. ಬಣ್ಣ ತುಂಬಲು ಇನ್ನೂ ಕೈ ಹಾಕಿಲ್ಲ. ಅವನೇನೋ ಆಮೇಲೆ ಇಟಲಿಗೆ ಹೋಗಿ, 1935ರಲ್ಲಿ ಸಾಯುವವರೆಗೂ ಅಲ್ಲೇ ಬಣ್ಣ ಕಲಸುತ್ತಾ ಇದ್ದುಬಿಟ್ಟ.